ಸ್ಪ್ಯಾನಿಷ್‌ನಲ್ಲಿ ಗಂಟೆ ಹೇಳಲು ಕಲಿಯುವ ಬಗೆ

ನಮ್ಮಲ್ಲಿ ಸ್ಪ್ಯಾನಿಷ್ ಕಲಿಯುವವರು ಹೆಚ್ಚಾಗಿ ಇಂಗ್ಲಿಷ್ ಪುಸ್ತಕವನ್ನೇ ನೆಚ್ಚಿಕೊಂಡಿರುತ್ತಾರೆ. ಗಂಟೆ ಹೇಳುವ ಪಾಠ ಬಂದಾಗ ಆ ಪುಸ್ತಕವನ್ನು ಸ್ವಲ್ಪ ಬದಿಗಿಟ್ಟು, ಕನ್ನಡದಿಂದ ನೇರವಾಗಿ ಸ್ಪ್ಯಾನಿಷ್‌ಗೆ ದಾಟುವುದೇ ಸುಲಭ. ಉಚ್ಚಾರ, ಪದಗಳು ಕೂಡಿಕೊಳ್ಳುವ ರೀತಿ, ‘ಗಂಟೆಗೆ’ ಎನ್ನುವ ಬಳಕೆ ಎಲ್ಲದರಲ್ಲೂ ಕನ್ನಡ ಕೈಹಿಡಿಯುತ್ತದೆ. ಕನ್ನಡದ ಅಭ್ಯಾಸ ಅಡ್ಡಬರುವುದು ಮುಖ್ಯವಾಗಿ ಒಂದೇ ಕಡೆ, ಮುಕ್ಕಾಲು ಗಂಟೆಯಲ್ಲಿ. ಅದಕ್ಕೆ ಆಮೇಲೆ ಬರೋಣ.

ಮೊದಲು ಹನ್ನೆರಡು ಅಂಕೆ

ಊನಾ, ದೋಸ್, ತ್ರೇಸ್, ಕ್ವಾತ್ರೊ, ಸಿಂಕೊ, ಸೇಯ್ಸ್, ಸಿಯೇತೆ, ಓಚೊ, ನುವೇಬೆ, ದಿಯೇಸ್, ಓನ್ಸೆ, ದೋಸೆ. ದಿನಕ್ಕೆ ನಾಲ್ಕಾರು ಬಾರಿ ಗಟ್ಟಿಯಾಗಿ ಹೇಳಿ. ಸ್ಪ್ಯಾನಿಷ್‌ನ ತ, ದ ಎರಡೂ ನಮ್ಮ ತ, ದಗಳಂತೆ ನಾಲಿಗೆ ಹಲ್ಲಿಗೆ ತಾಗಿ ಹುಟ್ಟುವ ಧ್ವನಿಗಳು. ಇಂಗ್ಲಿಷ್ ಮೂಲಕ ಕಲಿತವರು ‘ಟ್ರೇಸ್’, ‘ಡೋಸ್’ ಎಂದು ನಾಲಿಗೆ ಮಡಿಸುತ್ತಾರೆ. ನಾವು ಆ ದಾರಿಗೆ ಹೋಗಬೇಕಾಗಿಲ್ಲ.

ಎರಡು ಜೋಡಿಗಳ ಬಗ್ಗೆ ಎಚ್ಚರ ಬೇಕು. ದೋಸ್ ಎಂದರೆ ಎರಡು, ದೋಸೆ ಎಂದರೆ ಹನ್ನೆರಡು. ಲ್ಯಾಟಿನ್ ಅಮೆರಿಕದ ಉಚ್ಚಾರದಲ್ಲಿ ಈ ಹನ್ನೆರಡು ನಮ್ಮ ಕಾವಲಿಯ ದೋಸೆಯ ಹಾಗೆಯೇ ಕೇಳಿಸುತ್ತದೆ, ಹಾಗಾಗಿ ಮರೆಯುವ ಪ್ರಶ್ನೆಯೇ ಇಲ್ಲ. ಸ್ಪೇನಿನ ಬಹುಭಾಗದಲ್ಲಿ ಅದು ‘ದೋಥೆ’, ಐದು ‘ಥಿಂಕೊ’. ಇನ್ನೊಂದು ಜೋಡಿ ಸೇಯ್ಸ್ ಮತ್ತು ಸಿಯೇತೆ, ಅಂದರೆ ಆರು ಮತ್ತು ಏಳು. ಗದ್ದಲದಲ್ಲಿ ಇವೆರಡೂ ಕಲಸಿಹೋಗುತ್ತವೆ. ಕೊನೆಯ ‘ತೆ’ ಕೇಳಿಸಿತೇ ಇಲ್ಲವೇ ಎಂಬುದನ್ನು ಗಮನಿಸಿ.

ಒಂದು ಗಂಟೆಗೆ ಬೇರೆ, ಉಳಿದವಕ್ಕೆ ಬೇರೆ

ಗಂಟೆ ಎಷ್ಟು ಎಂದು ಕೇಳಲು ‘ಕೆ ಓರಾ ಎಸ್?’ ಎನ್ನಬೇಕು. ಲ್ಯಾಟಿನ್ ಅಮೆರಿಕದ ಹಲವೆಡೆ ‘ಕೆ ಓರಾಸ್ ಸೋನ್?’ ಎಂದೂ ಕೇಳುತ್ತಾರೆ. ಸ್ಪೇನಿನಲ್ಲಿ ದಾರಿಹೋಕರನ್ನು ಕೇಳುವಾಗ ‘ತಿಯೇನೆ ಓರಾ?’ ಎಂದರೂ ನಡೆಯುತ್ತದೆ.

ಒಂದು ಗಂಟೆ ಏಕವಚನ: ‘ಎಸ್ ಲಾ ಊನಾ’. ಎರಡರಿಂದ ಹನ್ನೆರಡರವರೆಗೆ ಬಹುವಚನ: ‘ಸೋನ್ ಲಾಸ್ ದೋಸ್’, ‘ಸೋನ್ ಲಾಸ್ ತ್ರೇಸ್’. ಅಲ್ಲಿ ಗಂಟೆ ಸ್ತ್ರೀಲಿಂಗ, ಆದ್ದರಿಂದಲೇ ‘ಊನೊ’ ಅಲ್ಲ, ‘ಊನಾ’. ಗಡಿಯಾರದ ಮುಳ್ಳು ಒಂದರಿಂದ ಮುಂದೆ ಸರಿದರೂ ಏಕವಚನ ಹಾಗೆಯೇ ಉಳಿಯುತ್ತದೆ. ಒಂದೂವರೆ ಎಂದರೆ ‘ಎಸ್ ಲಾ ಊನಾ ಇ ಮೇದಿಯಾ’. ಹೊಸಬರು ಇಲ್ಲಿ ಬೇಗ ‘ಸೋನ್’ಗೆ ಜಾರುತ್ತಾರೆ.

ಕೇಳುವಾಗ ಈ ಪದಗಳು ಬಿಡಿಬಿಡಿಯಾಗಿ ಬರುವುದಿಲ್ಲ. ‘ಲಾಸ್’ ಮುಂದೆ ಸ್ವರ ಬಂದರೆ ಎರಡೂ ಕೂಡಿಕೊಂಡು ‘ಲಾಸೋಚೊ’ (ಎಂಟು), ‘ಲಾಸೋನ್ಸೆ’ (ಹನ್ನೊಂದು) ಆಗುತ್ತವೆ. ಸಂಧಿಯನ್ನು ದಿನವಿಡೀ ಆಡುವ ಭಾಷೆಯವರಾದ ನಮಗೆ ಇದು ಹೊಸದೇನಲ್ಲ. ಆದರೂ ‘ಸೋಚೊ’ ಎಂಬ ಅಂಕೆ ಯಾವುದು ಎಂದು ತಡವರಿಸದಂತೆ ಮೊದಲೇ ಕಿವಿಗೆ ರೂಢಿ ಮಾಡಿಸಿ.

ಅರ್ಧದವರೆಗೆ ಕೂಡಿಸಿ

ಗಂಟೆಯ ಮೇಲೆ ನಿಮಿಷ ಸೇರಿಸಲು ‘ಇ’ ಸಾಕು. ಎರಡೂ ಐದು ‘ಲಾಸ್ ದೋಸ್ ಇ ಸಿಂಕೊ’, ಎರಡೂಕಾಲು ‘ಲಾಸ್ ದೋಸ್ ಇ ಕ್ವಾರ್ತೊ’, ಎರಡೂವರೆ ‘ಲಾಸ್ ದೋಸ್ ಇ ಮೇದಿಯಾ’. ಕ್ವಾರ್ತೊ ಎಂದರೆ ಕಾಲು, ಕ್ವಾತ್ರೊ ಎಂದರೆ ನಾಲ್ಕು. ಒಂದು ರಕಾರ ಜಾಗ ಬದಲಿಸಿದರೆ 2.15 ಹೋಗಿ 2.04 ಆಗುತ್ತದೆ. ಸರಿಯಾಗಿ ಎರಡಕ್ಕೆ ಎನ್ನಬೇಕಾದರೆ ಕೊನೆಗೆ ‘ಎನ್ ಪುಂತೊ’ ಸೇರಿಸಿ.

ಅರ್ಧ ದಾಟಿದ ಮೇಲೆ

ನಿಜವಾಗಿ ಹೊತ್ತು ಕೊಟ್ಟು ಕಲಿಯಬೇಕಾದದ್ದು ಇದೊಂದೇ. ನಾವು 2.45ನ್ನು ‘ಎರಡೂಮುಕ್ಕಾಲು’ ಎನ್ನುತ್ತೇವೆ. ಮೂರು ಹೊಡೆಯುವವರೆಗೂ ಎರಡನ್ನು ಬಿಡುವುದಿಲ್ಲ. ಸ್ಪೇನಿನಲ್ಲಿ ಅರ್ಧ ದಾಟಿದ ಕೂಡಲೇ ಮುಂದಿನ ಗಂಟೆಗೆ ಹೋಗಿ ಅಲ್ಲಿಂದ ಕಳೆಯುತ್ತಾರೆ. 2.45 ಎಂದರೆ ‘ಲಾಸ್ ತ್ರೇಸ್ ಮೇನೊಸ್ ಕ್ವಾರ್ತೊ’, 2.50 ಎಂದರೆ ‘ಲಾಸ್ ತ್ರೇಸ್ ಮೇನೊಸ್ ದಿಯೇಸ್’. ಮೇನೊಸ್ ಎಂದರೆ ಕಡಿಮೆ.

‘ತ್ರೇಸ್’, ‘ಕ್ವಾರ್ತೊ’ ಎರಡೇ ಪದ ಹಿಡಿದುಕೊಂಡು ನಡುವಿನ ‘ಮೇನೊಸ್’ ಕೇಳಿಸಿಕೊಳ್ಳದಿದ್ದರೆ, ಮೂರೂಕಾಲು ಎಂದುಕೊಂಡು ನಿಧಾನವಾಗಿ ಹೊರಟು ಅರ್ಧ ಗಂಟೆ ತಡವಾಗಿ ತಲುಪುತ್ತೀರಿ. ಅಭ್ಯಾಸ ಹೀಗೆ ಮಾಡಿ: ಮುಳ್ಳಿರುವ ಗಡಿಯಾರವನ್ನೇ ನೋಡಿ. ದೊಡ್ಡ ಮುಳ್ಳು ಆರನ್ನು ದಾಟಿತೇ? ಮೊದಲು ಬರಲಿರುವ ಗಂಟೆಯನ್ನು ಬಾಯಿಬಿಟ್ಟು ಹೇಳಿ, ಒಂದು ಉಸಿರು ತಡೆದು, ಆಮೇಲೆ ಎಷ್ಟು ಕಡಿಮೆ ಎಂದು ಎಣಿಸಿ. ಮೊಬೈಲಿನ ಅಂಕೆ ನೋಡಿ ಕಲಿತರೆ ಈ ಲೆಕ್ಕ ತಲೆಗೆ ಹತ್ತುವುದು ತಡ.

ಮೆಕ್ಸಿಕೊ, ಕೊಲಂಬಿಯಾ, ಪೆರು, ಚಿಲಿ ಕಡೆಯವರ ಮಾತು ನಮಗೆ ಇನ್ನೂ ಹತ್ತಿರ. ಅವರು ‘ಫಾಲ್ತಾನ್ ದಿಯೇಸ್ ಪಾರಾ ಲಾಸ್ ತ್ರೇಸ್’ ಎನ್ನುತ್ತಾರೆ. ಮೂರಕ್ಕೆ ಇನ್ನೂ ಹತ್ತು ನಿಮಿಷ ಇದೆ ಎಂದು ನಾವು ಹೇಳುವುದಿಲ್ಲವೇ, ಅದೇ. ಮುಕ್ಕಾಲಿಗೆ ‘ಉನ್ ಕ್ವಾರ್ತೊ ಪಾರಾ ಲಾಸ್ ತ್ರೇಸ್’. ಇವೆರಡೂ ಬಾಯಿಗೆ ಬಾರದಿದ್ದರೆ ‘ಲಾಸ್ ದೋಸ್ ಕ್ವಾರೆಂತಾ ಇ ಸಿಂಕೊ’, ಎರಡು ನಲವತ್ತೈದು ಎಂದುಬಿಡಿ, ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ನೀವು ಆಡದಿದ್ದರೂ ‘ಮೇನೊಸ್’ ಕೇಳಿದರೆ ತಿಳಿಯಲೇಬೇಕು.

ಬೆಳಿಗ್ಗೆಯೋ, ಸಂಜೆಯೋ?

ಬೆಳಿಗ್ಗೆ ‘ದೆ ಲಾ ಮಞಾನಾ’, ಮಧ್ಯಾಹ್ನ ಮತ್ತು ಸಂಜೆ ‘ದೆ ಲಾ ತಾರ್ದೆ’, ರಾತ್ರಿ ‘ದೆ ಲಾ ನೋಚೆ’. ನಮ್ಮ ವರ್ಣಮಾಲೆಯ ಞ ಇಲ್ಲಿ ಸರಿಯಾದ ಕೆಲಸಕ್ಕೆ ಬರುತ್ತದೆ. ನಡುರಾತ್ರಿ ಕಳೆದು ಬೆಳಕು ಹರಿಯುವವರೆಗಿನ ಹೊತ್ತಿಗೆ ‘ಮಾದ್ರುಗಾದಾ’ ಎಂಬ ಪದವಿದೆ. ಬೆಳಗಿನ ಜಾವ ಮೂರು ಎನ್ನಲು ‘ಲಾಸ್ ತ್ರೇಸ್ ದೆ ಲಾ ಮಾದ್ರುಗಾದಾ’.

ಸ್ಪೇನಿನಲ್ಲಿ ತಾರ್ದೆ ಬಹಳ ಉದ್ದ. ಅಲ್ಲಿ ಮಧ್ಯಾಹ್ನದ ಊಟವೇ ಎರಡರಿಂದ ಮೂರರ ಹೊತ್ತಿಗೆ, ರಾತ್ರಿಯೂಟ ಒಂಬತ್ತರ ಮೇಲೆ. ಹಾಗಾಗಿ ಎಂಟು ಗಂಟೆಯೂ ‘ದೆ ಲಾ ತಾರ್ದೆ’ ಆಗಬಹುದು. 1940ರಲ್ಲಿ ಅಲ್ಲಿನ ಸರ್ವಾಧಿಕಾರಿ ಫ್ರಾಂಕೊನ ಆಳ್ವಿಕೆಯು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಹಾಕಿ ಮಧ್ಯ ಯುರೋಪಿನ ಸಮಯಕ್ಕೆ ಹೊಂದಿಸಿತು, ಮತ್ತೆ ಹಿಂದಕ್ಕೆ ಬರಲೇ ಇಲ್ಲ. ಭೂಪಟದಲ್ಲಿ ಲಂಡನ್ನಿಗಿಂತ ಪಶ್ಚಿಮಕ್ಕಿರುವ ಮ್ಯಾಡ್ರಿಡ್‌ನಲ್ಲಿ ಸೂರ್ಯ ಅಷ್ಟು ತಡವಾಗಿ ಮುಳುಗುವುದಕ್ಕೆ ಇದೂ ಒಂದು ಕಾರಣ.

ಗಂಟೆಗೆ

‘ಮೂರು ಗಂಟೆಗೆ’ ಎನ್ನಲು ‘ಆ ಲಾಸ್ ತ್ರೇಸ್’, ‘ಒಂದು ಗಂಟೆಗೆ’ ಎನ್ನಲು ‘ಆ ಲಾ ಊನಾ’. ರೈಲು ಎಷ್ಟು ಗಂಟೆಗೆ ಹೊರಡುತ್ತದೆ? ‘ಆ ಕೆ ಓರಾ ಸಾಲೆ ಎಲ್ ತ್ರೇನ್?’ ರೈಲಿನ ವೇಳಾಪಟ್ಟಿ 24 ಗಂಟೆಯ ಲೆಕ್ಕದಲ್ಲಿರುತ್ತದೆ. 15.40ನ್ನು ‘ಲಾಸ್ ಕಿನ್ಸೆ ಕ್ವಾರೆಂತಾ’ ಎನ್ನುತ್ತಾರೆ. ಅಲ್ಲಿ ಕಾಲು, ಮುಕ್ಕಾಲಿನ ಗೊಡವೆಯಿಲ್ಲ.

ಮನೆಯಲ್ಲೇ ಅಭ್ಯಾಸ

ಬೆಂಗಳೂರಿಗೂ ಮ್ಯಾಡ್ರಿಡ್‌ಗೂ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಅಂತರ. ಗಡಿಯಾರ ನೋಡಿದಾಗಲೆಲ್ಲ ಅಲ್ಲಿನ ಸಮಯ ಹೇಳಿ. ಚಳಿಗಾಲದಲ್ಲಿ ಇಲ್ಲಿ ಮಧ್ಯಾಹ್ನ ಒಂದಾಗಿದ್ದರೆ ಅಲ್ಲಿ ‘ಲಾಸ್ ಓಚೊ ಇ ಮೇದಿಯಾ ದೆ ಲಾ ಮಞಾನಾ’. ಅರ್ಧ ಗಂಟೆಯ ಈ ವ್ಯತ್ಯಾಸ ಕಲಿಯುವವರಿಗೆ ವರ: ಇಲ್ಲಿ ಕಾಲಾಗಿದ್ದರೆ ಅಲ್ಲಿ ಮುಕ್ಕಾಲು, ಮೇನೊಸ್ ತಾನಾಗಿಯೇ ಬರುತ್ತದೆ. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಮುಂದಕ್ಕೆ ಸರಿಯುತ್ತದೆ. ಆಗ ಪತ್ರಿಕೆಗಳಲ್ಲಿ ಕಾಣುವ ‘ಆ ಲಾಸ್ ದೋಸ್ ಸೆರಾನ್ ಲಾಸ್ ತ್ರೇಸ್’, ಎರಡಕ್ಕೆ ಮೂರಾಗುತ್ತದೆ ಎಂಬ ವಾಕ್ಯವನ್ನು ಬಾಯಿಪಾಠ ಮಾಡಿ. ‘ಗಂಟೆಗೆ’ ಮತ್ತು ‘ಗಂಟೆ’ ಎರಡರ ರೂಪವೂ ಅದರಲ್ಲಿದೆ.

ಕಿವಿಗೆ ಸ್ಪೇನಿನ ಆಕಾಶವಾಣಿಗಿಂತ ಒಳ್ಳೆಯ ಗುರು ಇಲ್ಲ. ಸ್ಪೇನಿಗೇ ಸೇರಿದ ಕ್ಯಾನರಿ ದ್ವೀಪಗಳು ಒಂದು ಗಂಟೆ ಹಿಂದಿರುವುದರಿಂದ, ಗಂಟೆ ತುಂಬಿದಾಗ ನಿರೂಪಕರು ‘ಸೋನ್ ಲಾಸ್ ದೋಸ್, ಲಾ ಊನಾ ಎನ್ ಕನಾರಿಯಾಸ್’ ಎಂದು ಒಂದೇ ಉಸಿರಿನಲ್ಲಿ ಎರಡು ಸಮಯ ಹೇಳುತ್ತಾರೆ. ಅಂತರ್ಜಾಲದಲ್ಲಿ ನೇರ ಪ್ರಸಾರ ಸಿಗುತ್ತದೆ. ಗಂಟೆ ತುಂಬುವ ಹೊತ್ತಿಗೆ ಹಾಕಿಕೊಂಡು, ಮೊದಲ ಸಮಯ ಕೇಳಿದ ತಕ್ಷಣ ಎರಡನೆಯದನ್ನು ಅವರಿಗಿಂತ ಮುಂಚೆ ನೀವೇ ಹೇಳಲು ಪ್ರಯತ್ನಿಸಿ.