ರಾತ್ರಿ 612ರಲ್ಲಿ ಕೇಳಿಸುತ್ತಿದ್ದ ‘ಟಕ್ ಟಕ್’ ಸದ್ದು ನಿಂತದ್ದು ಹೇಗೆ

ಸೋಮವಾರಪೇಟೆ ಬಳಿಯ ನಮ್ಮ ತೋಟದ ಮನೆಯಲ್ಲಿ ಹಗಲು ತಕ್ಕಮಟ್ಟಿಗೆ ಕೇಳಿಸುತ್ತಿದ್ದ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಪ್ರಸಾರವು, ಕತ್ತಲಾದೊಡನೆ ಸೆಕೆಂಡಿಗೊಂದರಂತೆ ಬರುವ ‘ಟಕ್’ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಹೊಸ ಸೆಲ್, ಬೇರೆ ರೇಡಿಯೊ ಯಾವುದೂ ಪ್ರಯೋಜನಕ್ಕೆ ಬರಲಿಲ್ಲ. ಸಿಲ್ವರ್ ಮರಕ್ಕೆ ಉದ್ದನೆಯ ತಂತಿ ಕಟ್ಟಿದ ಮೇಲಂತೂ ಸದ್ದು ಇನ್ನಷ್ಟು ಹೆಚ್ಚಿತು. ಮೇನ್ ಸ್ವಿಚ್ ಆರಿಸಿದರೂ ನಿಲ್ಲದ ಕಾರಣ ಮೂಲವು ಮನೆಯ ಹೊರಗಿದೆ ಎಂಬುದು ಖಚಿತವಾಯಿತು.

612 ಕೇಳುವ ಮೀಡಿಯಂ ವೇವ್ ರೇಡಿಯೊದೊಳಗಿನ ಫೆರೈಟ್ ಕಡ್ಡಿಯ (ಅಲೆಗಳನ್ನು ಹಿಡಿಯುವ ಒಳ ಆಂಟೆನಾ) ತುದಿಯು ಮೂಲದತ್ತ ತಿರುಗಿದಾಗ ಸದ್ದು ಅತಿ ಕಡಿಮೆಯಾಗುತ್ತದೆ. ಆ ದಿಕ್ಕನ್ನೇ ಹಿಡಿದು, ಟಾರ್ಚಿನೊಂದಿಗೆ ನಡೆದಾಗ, ರಾತ್ರಿ ಮಾತ್ರ ಚಾಲೂ ಮಾಡುವ ಆನೆ ತಡೆಯ ಸೋಲಾರ್ ಬೇಲಿಯ ಮೂಲೆಗೆ ತಲುಪಿದೆ. ಅಲ್ಲಿ ಸೀಳಿದ ಇನ್ಸುಲೇಟರಿನಿಂದ ಒದ್ದೆ ಕಂಬಕ್ಕೆ ನೀಲಿ ಕಿಡಿ ಹಾರುತ್ತಿತ್ತು. ಮರುದಿನ ಮೊದಲು, ಬೇಲಿಗೆ ಸೆಕೆಂಡಿಗೊಮ್ಮೆ ವಿದ್ಯುತ್ ಮಿಡಿತ ಕಳಿಸುವ ಎನರ್ಜೈಸರ್ ಆರಿಸಿ, ತಂತಿಗೆ ತಾಗಿದ ಬಳ್ಳಿಗಳನ್ನು ಒಂದಡಿ ದೂರಕ್ಕೆ ಸವರಿ, ಇನ್ಸುಲೇಟರ್ ಬದಲಿಸಿ, ಕೈಯಿಂದ ಸುತ್ತಿದ್ದ ತಂತಿಯ ಜೋಡಣೆಗಳಿಗೆ ಕ್ಲಾಂಪ್ ಬಿಗಿದು, ಕೊನೆಗೆ ಅರ್ಥಿಂಗ್ ಬೋಲ್ಟಿನ ತುಕ್ಕು ಉಜ್ಜಿದೆ. ಅಂದು ರಾತ್ರಿ ‘ಟಕ್’ ಸದ್ದು ಇರಲಿಲ್ಲ.

ಧ್ವನಿ ಆಗಾಗ ಏರಿಳಿಯುವುದು ಮಾತ್ರ ಉಳಿದಿದೆ. ರಾತ್ರಿ ಅಯಾನುಗೋಳದಿಂದ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರ) ಪ್ರತಿಫಲಿಸಿ ಬರುವ ಅಲೆಯು ನೆಲದಗುಂಟ ಬರುವ ಅಲೆಯೊಂದಿಗೆ ಬೆರೆಯುವುದರಿಂದ ಆಗುವ ಅದಕ್ಕೆ ಬೇಲಿಯ ರಿಪೇರಿಯಲ್ಲಿ ಮದ್ದಿಲ್ಲ.