ವರ್ಷ ತುಂಬಿದ ಟರ್ಬೊ ಕಾರಿಗೆ ಎಷ್ಟು ಕೊಡಬಹುದು: ನಾನು ಹಾಕಿದ ಲೆಕ್ಕ

ಬಳ್ಳಾರಿಯಲ್ಲಿ ಹತ್ತು ಹನ್ನೊಂದು ಸಾವಿರ ಕಿ.ಮೀ. ಓಡಿದ ಟರ್ಬೊ ಪೆಟ್ರೋಲ್ ಕಾರು ಮಾರಾಟಕ್ಕೆ ಬಂದರೆ ಕೇಳಿಬರುವ ಮಾತು ಒಂದೇ: "ಶೋರೂಂನಿಂದ ತಂದಾಗ ಆನ್‌ರೋಡ್ 24 ಲಕ್ಷದ ಮೇಲಾಗಿತ್ರೀ, ನಿಮಗೆ ಹತ್ತೊಂಬತ್ತು ಮುಕ್ಕಾಲಿಗೆ ಬಿಡ್ತೀನಿ." ನಾಲ್ಕು ಲಕ್ಷಕ್ಕೂ ಮೇಲೆ ಉಳೀತು ಅನಿಸುತ್ತೆ. ಪೆನ್ನು ಹಿಡಿದು ಕೂತರೆ ಅಷ್ಟು ಉಳಿಯಲ್ಲ.

ನಾನು ನೋಡಿದ್ದು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಪ್ಲಸ್, 1.5 ಟಿಎಸ್‌ಐ (ಟರ್ಬೊ ಪೆಟ್ರೋಲ್ ಎಂಜಿನ್), 7 ಸ್ಪೀಡ್ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್), 14 ತಿಂಗಳು ಹಳೆಯದು. ಕೆಳಗಿನ ಬೆಲೆಗಳನ್ನು ಲೆಕ್ಕ ಸುಲಭವಾಗಲಿ ಅಂತ ದುಂಡಗೆ ಮಾಡಿಕೊಂಡಿದ್ದೇನೆ. ನಿಮ್ಮ ಅಂಕಿ ಹಾಕಿಕೊಳ್ಳಿ, ದಾರಿ ಅದೇ.

ಮೊದಲ ಹೆಜ್ಜೆ, ಮಾರುವವರು ಆವತ್ತು ಕೊಟ್ಟ ಬೆಲೆಯನ್ನು ಮರೆತುಬಿಡುವುದು. 2025ರ ಸೆಪ್ಟೆಂಬರ್ 22ಕ್ಕೆ ಮುಂಚೆ 4 ಮೀಟರ್ ಮೀರಿದ, 1500 ಸಿಸಿ ಒಳಗಿನ ಸೆಡಾನ್‌ಗೆ ಜಿಎಸ್‌ಟಿ 28, ಸೆಸ್ 17, ಒಟ್ಟು 45 ಪರ್ಸೆಂಟ್ ಬೀಳುತ್ತಿತ್ತು. ಈಗ ಸೆಸ್ ಇಲ್ಲ, ಒಟ್ಟು 40. ಇವತ್ತು ಎಕ್ಸ್‌ಶೋರೂಂ 19 ಲಕ್ಷ ಇರುವ ಕಾರು ಹಳೇ ತೆರಿಗೆಯಲ್ಲಿ ಸುಮಾರು 19,68,000 ಆಗುತ್ತಿತ್ತು. ರೋಡ್ ಟ್ಯಾಕ್ಸ್ ಕೂಡ ಆ ಬೆಲೆಯ ಮೇಲೇ ಕಟ್ಟಿರುವುದರಿಂದ ಆನ್‌ರೋಡ್‌ನಲ್ಲಿ ಹೆಚ್ಚೂಕಡಿಮೆ 80 ಸಾವಿರ ವ್ಯತ್ಯಾಸ. ಅದು ಮಾರುವವರಿಗಾದ ನಷ್ಟ. ಅದನ್ನು ನಮ್ಮಿಂದ ವಸೂಲಿ ಮಾಡೋಕೆ ಬಂದರೆ ಒಪ್ಪಬೇಕಿಲ್ಲ.

ಹೋಲಿಸಬೇಕಾದದ್ದು ಇವತ್ತಿನ ಹೊಸ ಕಾರಿನ ಜೊತೆ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಜೀವಿತಾವಧಿ ತೆರಿಗೆ 17 ಪರ್ಸೆಂಟ್, ಆ ತೆರಿಗೆಯ ಮೇಲೆ 11 ಪರ್ಸೆಂಟ್ ಸೆಸ್. ಅಂದರೆ ಬೆಲೆಯ 18.87 ಪರ್ಸೆಂಟ್; 19 ಲಕ್ಷಕ್ಕೆ 3,58,530. (20 ಲಕ್ಷ ದಾಟಿದರೆ 18 ಪರ್ಸೆಂಟ್, ಅದೂ ಪೂರ್ತಿ ಮೊತ್ತದ ಮೇಲೆ. ಗೆರೆಯ ಅಂಚಿನಲ್ಲಿರೋ ಕಾರಿಗೆ ಶೋರೂಂನವರು ಹಚ್ಚುವ ಆಕ್ಸೆಸರಿ ಬಿಲ್ಲು ಇನ್‌ವಾಯ್ಸ್ ಒಳಗೆ ಸೇರದ ಹಾಗೆ ನೋಡಿಕೊಳ್ಳಿ.) ಇನ್ಶೂರೆನ್ಸ್ 80 ಸಾವಿರ ಅಂದುಕೊಂಡರೆ ಆನ್‌ರೋಡ್ 23,38,530. 10 ಲಕ್ಷ ಮೀರಿದ ಕಾರಿಗೆ ಹಿಡಿಯುವ 1 ಪರ್ಸೆಂಟ್ ಟಿಸಿಎಸ್ (ಮುಂಗಡ ಆದಾಯ ತೆರಿಗೆ) ರಿಟರ್ನ್ಸ್‌ನಲ್ಲಿ ಹೊಂದಾಣಿಕೆ ಆಗುತ್ತೆ, ಅದನ್ನು ಸೇರಿಸಿಲ್ಲ.

ಇಲ್ಲಿಂದ ಕಳೆಯುತ್ತಾ ಬನ್ನಿ. ದೊಡ್ಡ ಮೊತ್ತಗಳಲ್ಲೊಂದು ಬಡ್ಡಿ, ಅದನ್ನೇ ಜನ ಬಿಟ್ಟುಬಿಡೋದು. ಹೊಸ ಕಾರಿಗೆ 9 ಪರ್ಸೆಂಟ್‌ಗೆ ಸಾಲ ಸಿಕ್ಕಿದರೆ ಹಳೇದಕ್ಕೆ 13 ಹೇಳುತ್ತಾರೆ. 12 ಲಕ್ಷ, 60 ಕಂತು: 9ರಲ್ಲಿ ತಿಂಗಳ ಕಂತು 24,910, 13ರಲ್ಲಿ 27,304. ಐದು ವರ್ಷಕ್ಕೆ 1,43,640 ಹೆಚ್ಚು. ಆಮೇಲೆ ಚಿಲ್ಲರೆ: ಅರ್ಧ ಸವೆದ ಟೈರಿಗೆ 18,000 (205/55 ಆರ್16, ನಾಲ್ಕಕ್ಕೆ 36,000 ಹಿಡಿದಿದ್ದೇನೆ), ಬರುವ ಸರ್ವಿಸ್‌ಗೆ 12,000, ಕರಗಿಹೋದ 14 ತಿಂಗಳ ವಾರಂಟಿಯ ಬದಲು ಎಕ್ಸ್‌ಟೆಂಡೆಡ್ ವಾರಂಟಿಗೆ 25,000, ವರ್ಗಾವಣೆ ಖರ್ಚು 5,000. ಇನ್ಶೂರೆನ್ಸ್ ವ್ಯತ್ಯಾಸ 8,000, ಯಾಕಂದರೆ ನೋ ಕ್ಲೈಮ್ ಬೋನಸ್ ಕಾರಿನದ್ದಲ್ಲ, ಮಾಲೀಕರದ್ದು. ಹೆಸರು ಬದಲಾದ ಕೂಡಲೇ ಕಂಪನಿ ಆ ರಿಯಾಯಿತಿಯನ್ನು ನಮ್ಮಿಂದ ವಾಪಸ್ ಕೇಳುತ್ತೆ. ಕೊನೆಗೆ, ನಾನು ಮಾರುವ ದಿನ ಕಾರು ಹೊಸದಕ್ಕಿಂತ 14 ತಿಂಗಳು ಹೆಚ್ಚು ಹಳೆಯದು, ಕೊಳ್ಳುವವರು ಥರ್ಡ್ ಓನರ್. ಅದಕ್ಕೆ 1,75,000.

ಎಲ್ಲ ಕೂಡಿದರೆ 3,86,640. ಆನ್‌ರೋಡ್‌ನಿಂದ ಕಳೆದರೆ 19,51,890. ಈ ಬೆಲೆಗೆ ಕೊಂಡರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಹಾಗಾದ ಮೇಲೆ ಬೇರೆಯವರು ಓಡಿಸಿದ್ದನ್ನು ಯಾಕೆ ಕೊಳ್ಳಬೇಕು? ಆ ಅಪಾಯಕ್ಕೆ ಇನ್ನೊಂದು 75 ಸಾವಿರ ಬಿಟ್ಟು, ಸಾಲದಲ್ಲಿ ಕೊಳ್ಳುವವರಿಗೆ 18.75 ಲಕ್ಷದ ಮೇಲೆ ಬೇಡ ಅನ್ನೋದು ನನ್ನ ಅಂದಾಜು. ಪೂರ್ತಿ ಕೈಯಿಂದ ಹಾಕುವವರಿಗೆ ಬಡ್ಡಿಯ ಸಾಲು ಅಳಿದುಹೋಗಿ ಗೆರೆ 20,95,530ಕ್ಕೆ ಏರುತ್ತೆ. ಅವರಿಗೆ ಹತ್ತೊಂಬತ್ತು ಮುಕ್ಕಾಲು ಕೂಡ ಒಳ್ಳೇ ವ್ಯಾಪಾರ. ಅದೇ ಕಾರು, ಅದೇ ಬೆಲೆ, ಉತ್ತರ ಮಾತ್ರ ಬೇರೆ.

ಎಪಿ ಅಥವಾ ತೆಲಂಗಾಣ ನಂಬರಿನ ಕಾರು ಲಕ್ಷ ಕಡಿಮೆಗೆ ಸಿಗುತ್ತೆ ಅಂತ ಅನಂತಪುರ, ಹೈದರಾಬಾದ್ ಕಡೆ ನೋಡುವವರು ಬಳ್ಳಾರಿಯಲ್ಲಿ ಬಹಳ. ಫಾರ್ಮ್ 28ರ ಎನ್‌ಒಸಿ (ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ) ತಂದು ಕೆಎ‑34 ಮಾಡಿಸುವಾಗ ಇಲ್ಲಿನ ತೆರಿಗೆ ಮತ್ತೆ ಕಟ್ಟಬೇಕು. ವರ್ಷದ ಕಾರಿಗೆ ಅದು ಹೊಸದರ ತೆರಿಗೆಯ ಹತ್ತಿರಕ್ಕೇ ಬರುತ್ತೆ. ಅಲ್ಲಿಂದ ರೀಫಂಡ್ ಬರುತ್ತೆ ಅನ್ನೋದನ್ನು ಬಂದ ಮೇಲೆ ಎಣಿಸಿ.

ಬೆಲೆ ಹೊಂದಿದರೆ ಮಾತ್ರ ಕಾರು ನೋಡೋಕೆ ಹೋಗೋದು. ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ರಾತ್ರಿಯೇ ಹೇಳಿ, ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬಿಸಿಲಿಗಲ್ಲದೆ ಬೆಚ್ಚಗಿದ್ದರೆ ಮೊದಲೇ ಸ್ಟಾರ್ಟ್ ಮಾಡಿ ಏನೋ ಮುಚ್ಚಿಡುತ್ತಿರಬಹುದು.

ಈ ಕಾರಿನ ಜೀವ ಗೇರ್‌ಬಾಕ್ಸಿನಲ್ಲಿದೆ. ಡಿಕ್ಯೂ200 ಅನ್ನುವ ಇದರ ಎರಡೂ ಕ್ಲಚ್ ಡ್ರೈ. ತಂಪು ಮಾಡೋಕೆ ಎಣ್ಣೆ ಇಲ್ಲ. ಸುಧಾ ಕ್ರಾಸ್ ರೈಲ್ವೆ ಗೇಟಿನ ಸಾಲಿನಲ್ಲಿ ಮೇ ತಿಂಗಳ ಬಿಸಿಲಲ್ಲಿ ಇಂಚಿಂಚಾಗಿ ತೆವಳಿಸಿದರೆ ಕ್ಲಚ್ ಅರ್ಧ ಕಚ್ಚಿಕೊಂಡೇ ಉಜ್ಜುತ್ತಾ ಕಾಯುತ್ತೆ. ಅದಕ್ಕೇ ಕಾಲು ಗಂಟೆಯ ಟೆಸ್ಟ್ ಡ್ರೈವ್‌ನಲ್ಲಿ ಏನೂ ಗೊತ್ತಾಗಲ್ಲ. ಅರ್ಧ ಗಂಟೆ ಊರೊಳಗೆ ಸುತ್ತಿ ಬಿಸಿಯಾದ ಮೇಲೆ, 'ಡಿ'ಯಲ್ಲಿ ಆಕ್ಸಿಲರೇಟರ್ ಮುಟ್ಟದೆ ಬ್ರೇಕ್ ಬಿಡಿ. ನಿಧಾನವಾಗಿ ಜಾರಿಕೊಂಡು ಹೋಗಬೇಕು. ಒಂದರಿಂದ ಎರಡಕ್ಕೆ ಹೋಗುವಾಗ, ಎರಡರಿಂದ ಒಂದಕ್ಕೆ ಇಳಿಯುವಾಗ ಸೀಟಿಗೆ ತಾಗುವಂಥ ನಡುಕ ಬಂದರೆ ಕ್ಲಚ್ ಉಜ್ಜಿ ಉಜ್ಜಿ ಹೊಳಪುಗಟ್ಟಿರಬಹುದು. ಏರಿನಲ್ಲಿ ರಿವರ್ಸ್ ಹಾಕಿಯೂ ನೋಡಿ.

ಇನ್ನೊಂದು ಸಂಗತಿ: ಈ ಗೇರ್‌ಬಾಕ್ಸ್ ತಡೆಯುವ ಟಾರ್ಕ್ 250 ನ್ಯೂಟನ್ ಮೀಟರ್, ಎಂಜಿನ್ ಕೊಡೋದೂ 250. ಕಂಪನಿಯೇ ಮಿತಿ ಮುಟ್ಟಿಸಿಬಿಟ್ಟಿದೆ. ಅದರ ಮೇಲೆ ಸ್ಟೇಜ್ 1 ರೀಮ್ಯಾಪ್ (ಎಂಜಿನ್ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಏರಿಸೋದು) ಮಾಡಿಸಿ ಆರು ತಿಂಗಳು ಓಡಿಸಿದ ಕಾರನ್ನು 17ಕ್ಕೆ ಕೊಟ್ಟರೂ ನಾನು ಮುಟ್ಟಲ್ಲ. ಮಾರುವ ಮುಂಚೆ ಹಳೇ ಫೈಲ್ ವಾಪಸ್ ಹಾಕಿರುತ್ತಾರೆ, ಓಡಿಸಿದರೆ ತಿಳಿಯದು. ಚಾಸಿ ನಂಬರ್ ಕೊಟ್ಟು ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ 'ಟಿಡಿ1' (ಸಾಫ್ಟ್‌ವೇರ್ ಬದಲಾಗಿದೆ ಅನ್ನೋ) ಗುರುತು ಬಿದ್ದಿದೆಯಾ ಕೇಳಿ. ಬಿದ್ದಿದ್ದರೆ ಎಂಜಿನ್, ಗೇರ್‌ಬಾಕ್ಸ್ ವಾರಂಟಿ ಸಿಗೋದು ಕಷ್ಟ. ಜೊತೆಗೆ ಕಾರಿನ ಕಂಪ್ಯೂಟರ್ ಓದುವ ಒಬಿಡಿ ಸ್ಕ್ಯಾನರ್ ಹಾಕಿಸಿ. ದೋಷದ ಕೋಡ್ ಒಂದೂ ಇಲ್ಲ, ಆದರೆ ರೆಡಿನೆಸ್ ಮಾನಿಟರ್‌ಗಳು (ಕಾರು ತನ್ನನ್ನೇ ಪರೀಕ್ಷಿಸಿಕೊಳ್ಳುವ ತಪಾಸಣೆಗಳು) ಪೂರ್ತಿಯಾಗಿಲ್ಲ ಅಂತ ತೋರಿಸಿದರೆ ಬ್ಯಾಟರಿ ಕಳಚಿರಬೇಕು, ಇಲ್ಲವೇ ಹತ್ತಿರದಲ್ಲೇ ಯಾರೋ ಕೋಡ್ ಅಳಿಸಿರಬೇಕು. ನೂರು ಕಿ.ಮೀ. ಓಡಿಸಿ ಮತ್ತೆ ನೋಡದೆ ಮುಂದುವರಿಯಬೇಡಿ.

ನಮ್ಮ ಕಡೆಯದೇ ಒಂದು ಪರೀಕ್ಷೆ ಇದೆ. ಸಂಡೂರು, ತೋರಣಗಲ್ಲು ರಸ್ತೆಯಲ್ಲಿ ದಿನಾ ಓಡಾಡಿದ ಕಾರಿನ ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿ. ಫಿಲ್ಟರಿನ ಹೊರಮೈ ಕುಂಕುಮದ ಹಾಗೆ ಕೆಂಪಗಿದ್ದರೆ ಚಿಂತೆ ಇಲ್ಲ, ಅದರ ಕೆಲಸವೇ ಅದು. ಬಿಳಿ ಬಟ್ಟೆಯನ್ನು ಬೆರಳಿಗೆ ಸುತ್ತಿ ಫಿಲ್ಟರ್ ದಾಟಿದ ಮೇಲಿನ ಪೈಪಿನ ಒಳಗೆ ಒರೆಸಿ. ಬಟ್ಟೆಗೆ ಕೆಂಪು ಹತ್ತಿದರೆ ಅದಿರಿನ ಧೂಳು ಟರ್ಬೊ ರೆಕ್ಕೆಗಳವರೆಗೆ ಹೋಗಿದೆ. ಎಣ್ಣೆ ಹಚ್ಚುವ ಹತ್ತಿ ಫಿಲ್ಟರ್ ಹಾಕಿಸಿದ ಕಾರುಗಳಲ್ಲಿ ಇದನ್ನು ಖಂಡಿತ ನೋಡಿ. ಎಸಿ ಕಂಡೆನ್ಸರ್‌ನ ಸಂದಿಗಳೂ ಇದೇ ಧೂಳಿನಿಂದ ಕಟ್ಟಿರುತ್ತವೆ, ತೊಳೆದರೆ ಸರಿಹೋಗುತ್ತೆ.

ಬಣ್ಣದ ದಪ್ಪ ಅಳೆಯುವ ಪೇಂಟ್ ಗೇಜ್‌ನಲ್ಲಿ 80ರಿಂದ 150 ಮೈಕ್ರಾನ್ ಬಂದರೆ ಕಂಪನಿ ಬಣ್ಣ, 200 ದಾಟಿದರೆ ಮತ್ತೆ ಹೊಡೆಸಿದ್ದು. ಟೈರಿನ ಪಕ್ಕದಲ್ಲಿ ಅಚ್ಚಾದ ತಯಾರಿಕೆಯ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಕಾರಿನ ತಯಾರಿಕೆಗಿಂತ ಟೈರ್ ಹೊಸದಿದ್ದರೆ 11 ಸಾವಿರ ಕಿ.ಮೀ.ಗೇ ಯಾಕೆ ಬದಲಾಯಿತು ಅಂತ ಕೇಳಿ. ಹೊಸಪೇಟೆ ದಾಟಿ ಎನ್‌ಎಚ್ 50ರಲ್ಲಿ 80ರ ವೇಗ ಹಿಡಿದು ಆಕ್ಸಿಲರೇಟರ್ ಹಗುರ ಮಾಡಿದರೆ ಪೆಟ್ರೋಲ್ ಉಳಿಸೋಕೆ ನಾಲ್ಕರಲ್ಲಿ ಎರಡು ಸಿಲಿಂಡರ್ ತಾವಾಗಿಯೇ ಮಲಗುತ್ತವೆ, ಪರದೆಯ ಮೇಲೆ ತೋರಿಸುತ್ತೆ. ಮಲಗುವಾಗ, ಏಳುವಾಗ ಜರ್ಕ್ ಹೊಡೆಯಬಾರದು.

ದುಡ್ಡು ಮೂರು ಭಾಗ ಮಾಡಿ ಕೊಡಿ: ಸಣ್ಣ ಟೋಕನ್, ಅವರ ಸಾಲ ತೀರಿಸಿ ಬ್ಯಾಂಕಿನ ಎನ್‌ಒಸಿ, ಫಾರ್ಮ್ 35 (ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಪತ್ರ) ಕೈಗೆ ಬಂದಾಗ ದೊಡ್ಡ ಮೊತ್ತ, 50 ಸಾವಿರವನ್ನಾದರೂ ಹಿಡಿದಿಟ್ಟುಕೊಂಡು, ಹೆಸರು ವರ್ಗಾವಣೆಯ ಫಾರ್ಮ್ 29, 30 ಸಲ್ಲಿಸಿ ಆರ್‌ಸಿಯಲ್ಲಿ ನಿಮ್ಮ ಹೆಸರು ಕಂಡ ದಿನ ಉಳಿದದ್ದು. ಇನ್ಶೂರೆನ್ಸ್ ಹೆಸರು ಬದಲಾವಣೆಗೆ 14 ದಿನ ಅಷ್ಟೇ ಸಮಯ. ಎರಡನೇ ಕೀ ಟೋಕನ್ ಕೊಡುವ ದಿನವೇ ಕಣ್ಣಾರೆ ನೋಡಿ.