ಮನೆಯಲ್ಲೊಂದು ಗಿಲ್ಗಾಲ್: ದೇವರ ಉಪಕಾರಗಳನ್ನು ಮಕ್ಕಳಿಗೆ ದಾಟಿಸುವ ಬಗೆ

ಬೈಬಲಿನಲ್ಲಿ, ದೇವರು ನೀರು ತಡೆದು ಇಸ್ರಾಯೇಲ್ಯರನ್ನು ಯೊರ್ದನ್ ಹೊಳೆ ದಾಟಿಸಿದಾಗ, ಹೊಳೆಯ ನಡುವೆ ಯಾಜಕರು ನಿಂತಿದ್ದ ಜಾಗದಿಂದಲೇ ಅವರು 12 ಕಲ್ಲು ಹೊತ್ತು ತಂದರು. ಅವನ್ನು ಗಿಲ್ಗಾಲ್ ಎಂಬ ಊರಿನಲ್ಲಿ ನೆನಪಿಗಾಗಿ ನಿಲ್ಲಿಸಿದ್ದು ಮಕ್ಕಳಿಗಾಗಿ. ಯೆಹೋಶುವ 4ನೇ ಅಧ್ಯಾಯದ ಕ್ರಮ ಗಮನಿಸಿ: ಮೊದಲು ಕಲ್ಲು, ಆಮೇಲೆ ಮಗುವಿನ ಪ್ರಶ್ನೆ, ಕೊನೆಗೆ ಉತ್ತರ. ಐಗುಪ್ತದ ದಾಸತ್ವದಿಂದಾದ ಬಿಡುಗಡೆಯನ್ನು ನೆನೆಯುವ ಪಸ್ಕ ಹಬ್ಬದ ವಿಷಯದಲ್ಲೂ (ವಿಮೋಚನಕಾಂಡ 12:26) ಹೀಗೆಯೇ. ಕುಟುಂಬ ಪ್ರಾರ್ಥನೆಯಲ್ಲಿ ಮಕ್ಕಳು ಆಕಳಿಸುವುದು ಹೆಚ್ಚಾಗಿ ಅವರು ಕೇಳದ ಪ್ರಶ್ನೆಗೆ ದೊಡ್ಡವರು ಉತ್ತರ ಹೇಳುತ್ತಾ ಕೂರುವುದರಿಂದ.

ಹಾಗಾಗಿ ಕಲ್ಲಿನಿಂದಲೇ ಶುರು ಮಾಡಿ. ಅಂಗೈ ತುಂಬುವಷ್ಟು ದೊಡ್ಡ, ನುಣುಪಾದ ನಾಲ್ಕೈದು ಕಲ್ಲು ಸಾಕು. 12 ನಿಧಾನವಾಗಿ ಆಗಲಿ. ಚೆನ್ನಾಗಿ ಉಜ್ಜಿ ತೊಳೆದು ಒಂದು ಪೂರ್ತಿ ದಿನ ಬಿಸಿಲಿಗೆ ಇಡಿ. ಒಳಗೆ ತೇವ ಉಳಿದರೆ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಮಾರ್ಕರ್ ಬರಹ ಬೇಗ ಮಾಸುವುದರಿಂದ ಅಕ್ರಿಲಿಕ್ ಬಣ್ಣ, ಸಣ್ಣ ಬ್ರಷ್ ಬಳಸಿ; ಒಣಗಿದ ಮೇಲೆ ಒಂದು ಕೋಟ್ ವಾರ್ನಿಷ್. ಒಂದು ಕಲ್ಲಿಗೆ ಒಂದೆರಡು ಪದ, ಒಂದು ಇಸವಿ, ಅಷ್ಟೇ: "ಅಜ್ಜಿ ಆಪರೇಷನ್, 2016", "ಪ್ರವಾಹ, 2019", "ಆಕ್ಸಿಜನ್, 2021". ಪೂರ್ತಿ ಕಥೆ ಬರೆದರೆ ಕೇಳಲು ಏನೂ ಉಳಿಯದು. ಕಲ್ಲುಗಳನ್ನು ಒಂದು ತಟ್ಟೆಯಲ್ಲಿಡಿ; ಶೋಕೇಸಿನ ಗಾಜಿನ ಹಿಂದೆ ಇಡಬೇಡಿ, ಮಗುವಿನ ಕೈಗೆ ಎಟುಕಬೇಕು.

ವಾರಕ್ಕೊಂದು ಸಂಜೆ ಮಗುವೇ ಒಂದು ಕಲ್ಲು ಆರಿಸಿ, ಕೈಯಲ್ಲಿ ಹಿಡಿದು, "ಇದೇನು?" ಎಂದು ಕೇಳಲಿ. ಉತ್ತರ ಐದು ನಿಮಿಷ ಮೀರಬಾರದು. ಕಷ್ಟದಿಂದ ಆರಂಭಿಸಿ. ಧರ್ಮೋಪದೇಶಕಾಂಡ 6:21ರ ಉತ್ತರವೂ ನಾವು ಐಗುಪ್ತದ ಅರಸ ಫರೋಹನಿಗೆ ದಾಸರಾಗಿದ್ದೆವು ಎಂದೇ ಶುರುವಾಗುತ್ತದೆ. ಅಲ್ಲಿ "ನಾವು" ಅನ್ನುವುದನ್ನು ಬಿಡಬೇಡಿ, ಆಗ ಹುಟ್ಟಿರದ ಮಗುವೂ ಆ ಮಾತಿನೊಳಗೆ ಸೇರಿದೆ. "ದೇವರು ಒಳ್ಳೇದು ಮಾಡಿದ" ಎಂದಷ್ಟೇ ಹೇಳಿದರೆ ಮನಸ್ಸಿನಲ್ಲಿ ನಿಲ್ಲದು. ರಾತ್ರಿ ಎರಡು ಗಂಟೆಗೆ ಪಕ್ಕದ ಮನೆಯ ಮಾಮ ಆಟೋ ತಂದರು, ಅಪ್ಪ ಚಪ್ಪಲಿ ಹಾಕೋದನ್ನೂ ಮರೆತು ಓಡಿದರು ಅಂದರೆ ನಿಲ್ಲುತ್ತದೆ.

ಕೆಡುವುದು ಎಲ್ಲಿ? ಮೊದಲನೆಯದು ಉತ್ಪ್ರೇಕ್ಷೆ. ಡಾಕ್ಟರು ಕೊಟ್ಟ ಔಷಧಿಯನ್ನು ಕಥೆಯಿಂದ ಬಿಟ್ಟರೆ, ಮುಂದೆ ಚಿಕ್ಕಪ್ಪನ ಬಾಯಲ್ಲಿ ನಿಜ ಕೇಳಿದ ದಿನ ಮಗುವಿಗೆ ಎಲ್ಲ ಕಲ್ಲುಗಳ ಮೇಲೂ ಅನುಮಾನ ಬರುತ್ತದೆ. ಔಷಧಿಗೂ ದೇವರಿಗೇ ಸ್ತೋತ್ರ ಹೇಳಿ. ಎರಡನೆಯದು, ಕಲ್ಲನ್ನು ಬೈಗುಳಕ್ಕೆ ಬಳಸುವುದು: "ಇಷ್ಟೆಲ್ಲಾ ಮಾಡಿದ ದೇವರಿಗೆ ನೀನು ಪ್ರಾರ್ಥನೆ ಮಾಡಕ್ಕೂ ಸೋಮಾರಿನಾ?" ಅದಾದ ಮೇಲೆ ಮಗು ತಟ್ಟೆಯ ಹತ್ತಿರ ಸುಳಿಯದು. ಇದಕ್ಕಿಂತ ಸೂಕ್ಷ್ಮವಾದದ್ದು, ಪ್ರಾರ್ಥಿಸಿಯೂ ಉಳಿಯದೆ ಹೋದವರ ವಿಷಯ. "ನಾವು ಪ್ರಾರ್ಥಿಸಿದೆವು, ಉಳಿದೆವು" ಎಂಬ ಲೆಕ್ಕ ಕಲಿತ ಮಗು ಮನೆಯಲ್ಲೊಂದು ಸಾವಾದರೆ ಒಡೆದುಹೋಗುತ್ತದೆ. ಅಗಲಿದವರ ಹೆಸರಿಗೂ ಒಂದು ಕಲ್ಲು ಇಡಿ; ಅದನ್ನು ಎತ್ತಿದಾಗ ಅಳು ಬಂದರೆ ಅಳಿ. ಹಿರಿಯರ ತಪ್ಪುಗಳನ್ನೂ ಮುಚ್ಚಬೇಕಿಲ್ಲ, 78ನೇ ಕೀರ್ತನೆ ಪಿತೃಗಳ ಗೊಣಗಾಟವನ್ನು ಮಕ್ಕಳ ಮುಂದೆಯೇ ಹೇಳುತ್ತದೆ.

ಮುಗಿಸಲು 136ನೇ ಕೀರ್ತನೆ. ಅದರ 26 ವಚನಗಳಲ್ಲೂ ಆತನ ಕೃಪೆ ಶಾಶ್ವತವೆಂಬ ಪಲ್ಲವಿ ಬರುತ್ತದೆ. ಓದು ಬಾರದ ಮಗುವೂ ಅದನ್ನು ಹೇಳಬಲ್ಲದು. ಚಿಕ್ಕವರಿಗೆ 10ರಿಂದ 16ನೇ ವಚನದ ತನಕ ಸಾಕು. ದೊಡ್ಡವರು ಮೊದಲರ್ಧ, ಮಕ್ಕಳು ಪಲ್ಲವಿ. ನಂತರ ನಿಮ್ಮ ಕಲ್ಲನ್ನೂ ಒಂದು ಸಾಲಾಗಿ ಸೇರಿಸಿ. ಏನೂ ಬರೆಯದ ಕಲ್ಲೊಂದು ತಟ್ಟೆಯಲ್ಲಿ ಯಾವಾಗಲೂ ಇರಲಿ. ಅದರ ಮೇಲೆ ಏನು ಬರೆಯಬೇಕೆಂದು ಮಗುವೇ ಹೇಳಲಿ, ಸೊಟ್ಟಗಾದರೂ ತನ್ನ ಅಕ್ಷರದಲ್ಲೇ ಬರೆಯಲಿ.